ಭಾನುವಾರದ ಸೂಪು

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ಅವನ ಆಫೀಸ್ ಬ್ಯಾಗಿನಲ್ಲಿ ಅವಳಿಗೆ ಹೊಚ್ಚ ಹೊಸ ಅಡುಗೆ ಪುಸ್ತಕವೊಂದು ಸಿಕ್ಕಿತು. ಮೊದಲ ಪುಟದಲ್ಲಿ ಅವನ ಸಹೋದ್ಯೋಗಿ ಹೆಂಗಸೊಬ್ಬಳ ಹೆಸರು, ವಿಳಾಸ. ಮನೆಯಲ್ಲಿ ಒಂದು ದಿನವೂ ಒಲೆ ಹಚ್ಚದವನಿಗೆ ಆಕೆ ಅಡುಗೆ ಪುಸ್ತಕ ಕೊಟ್ಟದ್ದೇಕೆ? ತಲೆಯನ್ನೂ ಬಾಚಿಕೊಳ್ಳದೆ ಪುಸ್ತಕ ಹಿಡಿದು ಹೋಗಿ ಆ ಬಾಗಿಲು ತಟ್ಟಿದಳು.

ತೆರೆದಾಕೆಗೆ ಅರವತ್ತರ ಹತ್ತಿರದ ವಯಸ್ಸು. ಹಿಂದೆ ಅಡುಗೆಮನೆಯಲ್ಲಿ ಆಕೆಯ ಯಜಮಾನರು ಈರುಳ್ಳಿ ಹೆಚ್ಚುತ್ತಿದ್ದರು.

"ಅಯ್ಯೋ, ಇದನ್ನ ಕೊಡೋಕೆ ಇಷ್ಟು ದೂರ ಬಂದ್ಯೇನಮ್ಮಾ?" ಆಕೆ ಕೈಚಾಚಿದರು. ಇವಳು ಪುಸ್ತಕವನ್ನು ಬಿಡಲಿಲ್ಲ.

"ಅವರು ಯಾಕೆ ತಗೊಂಡಿದ್ರು?"

"ನಿನಗೋಸ್ಕರಾನೇ ಕಣಮ್ಮಾ! 'ಪ್ರತಿ ಭಾನುವಾರ ನಾನೇ ಅಡುಗೆ ಮಾಡ್ತೀನಿ, ನನ್ನವಳು ಬೆರಳು ಚೀಪ್ತಾಳೆ' ಅಂತಿದ್ದ. ಅದನ್ನ ಹೇಳಿ ಹಂಗಿಸಿಯೇ ನಮ್ಮೆಜಮಾನರ ಕೈಗೆ ಚಾಕು ಕೊಟ್ಟಿದ್ದು ನಾನು." ಆಕೆ ನಕ್ಕು, ಕಣ್ಣೊರೆಸಿಕೊಂಡರು. "ಹೇಗಿರ್ತಿತ್ತು, ಅವನ ಅಣಬೆ ಸೂಪು?"

ಅವಳು ಅದನ್ನು ಕಂಡೇ ಇರಲಿಲ್ಲ. ಭಾನುವಾರಗಳಲ್ಲಿ ಅವನು ಆಫೀಸಿನಲ್ಲಿ ಕೆಲಸವಿದೆಯೆಂದು ಹೋಗಿ, ಕತ್ತಲಾದ ಮೇಲೆ ಹಸಿವಿಲ್ಲವೆಂದು ಬಂದು ಮಲಗುತ್ತಿದ್ದ.

"ಉಪ್ಪು ಸ್ವಲ್ಪ ಮುಂದು," ಎಂದು ಹೇಳಿ ಅವಳು ಪುಸ್ತಕವನ್ನು ಆಕೆಯ ಕೈಗಿಟ್ಟಳು.