ಹೊಸ ಶಿವದಾರ

"ಏನ್ಲಾ ಪ್ರಭು, ಲಿಂಗಾನ ಮೊಳೆಗೆ ನೇತಾಕಿದೀಯಾ?"

ಹಾಗಲವಾಡಿಯಿಂದ ಮೊದಲನೇ ಬಸ್ಸಿಗೆ ಬಂದ ಉಮಾಮಹೇಶ್ವರಿ, ಉಪ್ಪಾರಹಳ್ಳಿಯ ಬಾಡಿಗೆ ರೂಮಿನ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಗ ಕುಡಿದು ಕ್ಲಾಸಿನಲ್ಲಿ ಬಿದ್ದನೆಂದು ಅವನ ಜೊತೆಯ ಹುಡುಗರು ಎಸ್‌ಟಿಡಿ ಬೂತಿನಿಂದ ಹೇಳಿದ್ದು ಸುಳ್ಳಾಗಲೆಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ಚಾಪೆಯ ಪಕ್ಕ ಬಾಟಲಿ ಉರುಳಿತ್ತು. ದೀಕ್ಷೆಯಾದಾಗಿನಿಂದ ಮಗನ ಕೊರಳು ಬಿಡದ ಲಿಂಗದ ಕರಡಿಗೆ ಕ್ಯಾಲೆಂಡರಿನ ಮೊಳೆಯಲ್ಲಿ ಜೋತುಬಿದ್ದಿತ್ತು.

"ಕುಡಿಯೋವಾಗ ಮೈಮೇಲೆ ಬೇಡ ಅಂತ ತೆಗೆದೆ ಕಣಮ್ಮ," ಎಂದ ಪ್ರಭುದೇವ.

ಸುಳ್ಳು. ಲಿಂಗ ಮೊಳೆ ಸೇರಿದ್ದು ಮೊದಲು, ಬಾಟಲಿ ಬಂದದ್ದು ಆಮೇಲೆ. ಯುಗಾದಿಯ ಮಾರನೇ ದಿನ ಗೆಳೆಯ ಷಡಕ್ಷರಿಯೊಂದಿಗೆ ಕುಣಿಗಲ್ ಕೆರೆಯಲ್ಲಿ ಈಜಲು ಇಳಿದಿದ್ದ. ಷಡಕ್ಷರಿ ಮುಳುಗುವಾಗ ಅವನ ಕೊರಳಿನ ಶಿವದಾರ ಪ್ರಭುವಿನ ಕೈಗೆ ಸಿಕ್ಕಿತು. ಎಳೆದ. ಷಡಕ್ಷರಿ ಕಣ್ಣರಳಿಸಿ ಇವನನ್ನೇ ನೋಡಿದ. ದಾರ ಹರಿಯಿತು. "ಕೈಗೇ ಸಿಗಲಿಲ್ಲ" ಎಂದು ದಡದಲ್ಲಿ ಪ್ರಭು ಎಲ್ಲರಿಗೂ ಹೇಳಿದ.

ಅಂದಿನಿಂದ ಕಣ್ಣು ಮುಚ್ಚಿದರೆ ಅದೇ ಎಳೆತ. ಯಾರೋ ನಲ್ಲಿ ತಿರುಗಿಸಿದರೂ ಎದೆ ಹೊಡೆದುಕೊಳ್ಳುತ್ತದೆ. ತನ್ನ ಕೊರಳಿನ ದಾರ ತಾಗಿದರೆ ಸಾಕು, ಬಲಗೈ ಮುಷ್ಟಿ ಕಟ್ಟುತ್ತದೆ, ಬಿಚ್ಚೆಂದರೂ ಬಿಚ್ಚುವುದಿಲ್ಲ. ಕೆರೆಯ ತಳದಲ್ಲಿ ಏಳು ಕೋಣೆಯ ಅರಮನೆ ಇದೆ, ಮುಳುಗಿದವರೆಲ್ಲ ಅಲ್ಲಿ ಹಾಯಾಗಿ ಉಯ್ಯಾಲೆ ಆಡಿಕೊಂಡಿರುತ್ತಾರೆ ಎಂದು ಅಜ್ಜಿ ಕಥೆ ಹೇಳುತ್ತಿದ್ದಳು. ಎರಡು ಗ್ಲಾಸು ಹೊಟ್ಟೆಗಿಳಿದರೆ ಆ ಅರಮನೆ ನಿಜವಾಗುತ್ತಿತ್ತು, ಬೆರಳು ಸಡಿಲಾಗುತ್ತಿದ್ದವು. ಬರಬರುತ್ತಾ ಎರಡು ಸಾಲದಾಯಿತು.

"ಅಮ್ಮ, ಅವತ್ತು ಷಡಕ್ಷರಿ..."

"ಸತ್ತೋರ ಸುದ್ದಿ ಎತ್ತಬ್ಯಾಡ! ಅವನ ಹಣೇಲಿ ಬರೆದಿತ್ತು, ಹೋದ. ನಿಂಗೇನು ಬಂದೈತೆ ದೊಡ್ಡರೋಗ?"

"ಅವನು ನನ್ನ ಕೈಗೆ..."

"ಕೈ ನೋಡು ಹೆಂಗೆ ನಡುಗ್ತೈತೆ! ಲಿಂಗ ಬಿಚ್ಚಿಟ್ಟೋರಿಗೆ ಇನ್ನೇನಾಗುತ್ತೆ? ತಲೆ ಬಗ್ಸು."

ಊರ ಅಯ್ಯನವರ ಕೈಲಿ ಪೂಜೆ ಮಾಡಿಸಿ ತಂದಿದ್ದ ಹೊಸ ಶಿವದಾರವನ್ನು ಚೀಲದಿಂದ ತೆಗೆದು, ಮೊಳೆಯ ಕರಡಿಗೆಯನ್ನು ಅದಕ್ಕೆ ಕಟ್ಟಿ ಮಗನ ಕೊರಳಿಗೆ ಹಾಕಿದಳು. ಗಂಟು ಬಿಗಿಯಾಯಿತೋ ಇಲ್ಲವೋ ಎಂದು ಒಮ್ಮೆ ಜಗ್ಗಿಯೂ ನೋಡಿದಳು. ಪ್ರಭುದೇವ ಕಣ್ಣರಳಿಸಿ ಅವಳನ್ನೇ ನೋಡಿದ.

"ನಾನೇ ನಿಂತು ಹೊಸೆಸಿದ್ದು ಕಣೋ. ಯಾರು ಎಷ್ಟ್ ಎಳುದ್ರೂ ಹರಿಯಾಕಿಲ್ಲ," ಎಂದು ಅಂಗೈ ಚಾಚಿದಳು. "ಇಡು ಇದ್ರ ಮ್ಯಾಲೆ ಕೈ. ಇನ್ನು ಮುಟ್ಟಲ್ಲ ಅಂತ ಭಾಷೆ ಕೊಡು."

ಅವನು ಬಲಗೈ ಮುಂದೆ ತಂದ. ಮುಷ್ಟಿ ಕಟ್ಟಿತ್ತು. ಎಡಗೈಯಿಂದ ಬೆರಳು ಬಿಡಿಸಲು ನೋಡಿದ, ಹಣೆಯಲ್ಲಿ ಬೆವರಾಡಿತು. ಒಂದು ಬೆರಳೂ ಏಳಲಿಲ್ಲ.

ಉಮಾಮಹೇಶ್ವರಿ ಚಾಚಿದ ಅಂಗೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡಳು.

"ಭಾಷೆ ಕೊಡೋಕೂ ಮನಸಿಲ್ಲ, ಅಲ್ವೇನೋ?"