ಮಣ್ಣಿನ ದಿನದ ಚೀಸ್

ಇಲೇರ್ ಮುದುಕ ಕಂಕುಳಲ್ಲಿದ್ದ ಗಂಟನ್ನು ಬೆಟ್ಟದ ರೈಲಿನ ಚೀಸ್ ಬೋಗಿಯ ಮೇಜಿನ ಮೇಲೆ ದೊಪ್ಪೆಂದು ಇಟ್ಟ. ಫ್ಲಾವಿ ಬಟ್ಟೆ ಬಿಚ್ಚಿ ನೋಡಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಒಳಗಿದ್ದದ್ದು ಹಳೆಯ ಮರದ ಬಣ್ಣಕ್ಕೆ ತಿರುಗಿದ ಒಂದು ಚೀಸಿನ ಅಚ್ಚು. ಸಿಪ್ಪೆಯ ಮೇಲೆ ಅವನ ಹೆಸರಿನ ಮೊದಲಕ್ಷರ, ಅದರ ಕೆಳಗೆ ಅವನ ಮದುವೆಯ ವರ್ಷ. ಆ ಕಣಿವೆಯಲ್ಲಿ ಹುಟ್ಟಿದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆಯಾದ ಬೇಸಿಗೆಯಲ್ಲಿ ಗಂಡಸು ತನ್ನ ಹಸುಗಳ ಹಾಲಿನಿಂದ ಒಂದು ಅಚ್ಚು ಮಾಡಿ ನೆಲಮಾಳಿಗೆಯಲ್ಲಿ ಇಡುತ್ತಾನೆ. ಅವನನ್ನು ಮಣ್ಣು ಮಾಡಿ ಬಂದವರು ಅದನ್ನು ಕೊಯ್ದು ತಿನ್ನುತ್ತಾರೆ.

"ಇದನ್ನ ಕೊಯ್ಯೋಕೆ ಮೊದಲು ನೀನು ಸಾಯಬೇಕಲ್ಲ ಮಾವ," ಎಂದಳು ಫ್ಲಾವಿ.

"ಸತ್ತ ಮೇಲೆ ರುಚಿ ಹೇಗೆ ನೋಡ್ಲಿ?" ಎಂದ ಇಲೇರ್.

ಅವನ ಸಂಕಟ ಬೇರೆಯೇ ಇತ್ತು. ಹೋದ ತಿಂಗಳು ಅವನ ಗೆಳೆಯ ಪ್ರೋಸ್ಪೆರ್ ತೀರಿಕೊಂಡಾಗ ಅವನ ಅಚ್ಚನ್ನು ಕೊಯ್ದರೆ ಒಳಗೆಲ್ಲ ಕಪ್ಪಾಗಿ ಕಹಿಯಾಗಿತ್ತು. ಬಂದವರು ಮುಖ ಕಿವಿಚದೆ ಹೇಗೋ ಅಗಿದು, ಮೇಲೆ ವೈನ್ ಸುರಿದುಕೊಂಡು ನುಂಗಿದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಮಾತೆಲ್ಲ ಆ ಕಹಿ ಚೀಸಿನದೇ. ಪ್ರೋಸ್ಪೆರ್ ಎಂಬತ್ತೊಂದು ವರ್ಷ ಒಳ್ಳೆಯವನಾಗಿ ಬಾಳಿದ್ದನ್ನು ಒಬ್ಬರೂ ಎತ್ತಲಿಲ್ಲ. ಅಂದಿನಿಂದ ಇಲೇರನಿಗೆ ನಿದ್ದೆಯಿಲ್ಲ. ತನ್ನದೂ ಹಾಗೇ ಆಗಿದ್ದರೆ? ಸಾಯುವುದಕ್ಕೆ ಅವನು ಹೆದರಿದವನಲ್ಲ, ಸತ್ತ ಮೇಲೆ ಮಾನ ಹೋಗಬಾರದು, ಅಷ್ಟೆ.

ಫ್ಲಾವಿ ಶನಿವಾರ ಶನಿವಾರ ಈ ಕೆಂಪು ಪುಟ್ಟ ರೈಲಿನಲ್ಲಿ ಪ್ರವಾಸಿಗಳಿಗೆ ಊರಿನ ಚೀಸು, ರೈ ಬ್ರೆಡ್ಡು, ಬಿಳಿ ವೈನು ಕೊಡುವವಳು. ಅಕ್ಕಿ ಮೂಟೆಗೆ ಚುಚ್ಚಿ ಮಾದರಿ ತೆಗೆಯುತ್ತಾರಲ್ಲ, ಅಂಥದೇ ಒಂದು ಟೊಳ್ಳು ಸಲಾಕೆ ಅವಳ ಹತ್ತಿರ ಇತ್ತು. ಅದರಿಂದ ಬೆರಳುದ್ದ ಒಂದು ತುಣುಕು ತೆಗೆದು ಕೊಟ್ಟರೆ ಸಾಕು, ತೂತಿಗೆ ಸಿಪ್ಪೆಯ ಚೂರನ್ನೇ ಸಿಕ್ಕಿಸಿ ಬೆಣ್ಣೆ ಸವರಿದರೆ ದೇವರಿಗೂ ಗೊತ್ತಾಗುವುದಿಲ್ಲ ಎಂದು ಇಲೇರ್ ಗೋಗರೆದ. ರೈಲು ಎತ್ತರದ ಸೇತುವೆಯ ಮೇಲೆ ಬಂದಾಗ ಪ್ರವಾಸಿಗಳೆಲ್ಲ ಫೋನು ಹಿಡಿದು ಕಿಟಕಿಗೆ ಮುಗಿಬಿದ್ದರು. ಅದೇ ಸಮಯವೆಂದು ಫ್ಲಾವಿ ಸಲಾಕೆಯನ್ನು ಅಚ್ಚಿಗೆ ಒತ್ತಿ, ಮೈಭಾರವೆಲ್ಲ ಹಾಕಿ ತಿರುಗಿಸಿದಳು.

ಸಲಾಕೆ ಇನ್ನೂ ಒಳಗಿರುವಾಗಲೇ ನಡುವಿನ ಸ್ಟೇಷನ್ ಬಂತು, ಇಲೇರನ ಹೆಂಡತಿ ಸಿದೋನಿ ಹತ್ತಿದಳು. ನೆಲಮಾಳಿಗೆಯ ಹಲಗೆ ಬರಿದಾಗಿದ್ದು ಕಂಡು, ಅವನು ಗಂಟು ಹಿಡಿದು ರೈಲು ಹತ್ತಿದ್ದನ್ನು ನೋಡಿದವರಿಂದ ತಿಳಿದು, ಪಕ್ಕದ ಮನೆಯವರ ಕಾರಿನಲ್ಲಿ ಹೊರಟು ಬಂದಿದ್ದಳು. ಆ ಏರಿನಲ್ಲಿ ರೈಲಿಗಿಂತ ಕಾರೇ ಚುರುಕು. ಬಂದವಳು ಕೂಗಾಡಲಿಲ್ಲ. ಗಂಡನ ಎದುರು ಕೂತು, ಫ್ಲಾವಿಯನ್ನು ನೋಡುತ್ತಾ, ಇದರ ಮೇಲೆ ಹೆಸರು ಮಾತ್ರ ಇವನದು, ಐವತ್ತೆಂಟು ವರ್ಷ ಇದನ್ನು ಮಗುಚಿ ಹಾಕಿ ಉಪ್ಪು ತಿಕ್ಕಿದ ಕೈ ನನ್ನದು, ಒಂದು ಮಾತು ಕೇಳಬೇಕಿತ್ತೋ ಬೇಡವೋ ಎಂದಳು. ಫ್ಲಾವಿ ಸಲಾಕೆಯನ್ನು ಹೊರಗೆಳೆದಳು. ಅದರೊಳಗೆ ಜೇನುಬಣ್ಣದ ತುಣುಕೊಂದು ಇತ್ತು.

ಇಲೇರ್ ಅದನ್ನು ಎರಡು ಮಾಡಿ ಒಂದನ್ನು ಬಾಯಿಗಿಟ್ಟುಕೊಂಡ. ಮೊದಲು ಉಪ್ಪು ತಾಕಿತು, ಆಮೇಲೆ ಹುರಿದ ಬೀಜದ ರುಚಿ, ಕೊನೆಗೆ ಬೆಟ್ಟದ ಹುಲ್ಲಿನ ವಾಸನೆ. ಕಹಿಯ ಸುಳಿವೂ ಇರಲಿಲ್ಲ. ಅವನಿಗೆ ಹೇಳಲಾರದಷ್ಟು ಸಂತೋಷವಾಯಿತು. ಉಳಿದರ್ಧವನ್ನು ಹೆಂಡತಿಯ ಮುಂದೆ ಹಿಡಿದ.

"ನನಗೆ ಬೇಡ. ತಿನ್ನಬೇಕಾದ ದಿನ ತಿಂತೀನಿ."

"ಅವತ್ತು ನಿನಗೆ ರುಚಿ ಗೊತ್ತಾಗಲ್ಲ ಸಿದೋನಿ. ಅಳ್ತಾ ಇರ್ತೀಯ."

"ನಾನು ಅಳ್ತೀನಿ ಅಂತ ನಿನಗೆ ಯಾರು ಹೇಳಿದ್ದು?" ಎಂದಳು ಸಿದೋನಿ. ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ. ತುಣುಕನ್ನು ತೆಗೆದುಕೊಂಡಳು.

ರೈಲು ಸುರಂಗಕ್ಕೆ ನುಗ್ಗಿತು. ಬೋಗಿಯಲ್ಲಿ ಮಬ್ಬು ದೀಪ ಹತ್ತಿಕೊಂಡಿತು. ಸಿದೋನಿ ಆತುರವಿಲ್ಲದೆ ಅಗಿಯುತ್ತಿದ್ದಳು, ಇಲೇರ್ ಅವಳ ದವಡೆಯನ್ನೇ ನೋಡುತ್ತಿದ್ದ. ಬಿಸಿಲು ಮತ್ತೆ ಒಳಗೆ ಬಿದ್ದಾಗ ಅವಳು ನುಂಗಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ಅಚ್ಚನ್ನು ಫ್ಲಾವಿಯ ಕಡೆಗೆ ತಳ್ಳಿದಳು.

"ಕೊಯ್ಯಿ. ಪೂರ್ತಿ ಕೊಯ್ಯಿ. ಎಲ್ಲರಿಗೂ ಕೊಡು."

ಇಲೇರ್ ಬೇಡವೆನ್ನಲು ಬಾಯಿ ತೆರೆದ, ಅಷ್ಟರಲ್ಲಿ ಫ್ಲಾವಿ ಎರಡು ಹಿಡಿಯ ದೊಡ್ಡ ಕತ್ತಿ ಎತ್ತಿಕೊಂಡಾಗಿತ್ತು. ತಟ್ಟೆ ಬೋಗಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ಹೋಗಿ ಬಂತು. ಹೊರಗೆ ಹಿಮದ ಬೆಟ್ಟ ಬಂದರೂ ಜನ ಅತ್ತ ತಿರುಗಲಿಲ್ಲ. ಇಂಥದ್ದನ್ನು ಮಾಡಿದವರು ಯಾರು ಎಂದು ಕೇಳುತ್ತಾ ಒಬ್ಬೊಬ್ಬರೇ ಬಂದು ಇಲೇರನ ಕೈ ಕುಲುಕಿದರು. ಅವನು ಪ್ರತಿಯೊಬ್ಬರಿಗೂ ಹೆಂಡತಿಯನ್ನು ತೋರಿಸಿ, ಉಪ್ಪು ಇವಳದು ಎಂದ. ಎಂಬತ್ತನಾಲ್ಕರ ಮುದುಕ ಮದುಮಗನ ಹಾಗೆ ನೆಟ್ಟಗೆ ಕೂತಿದ್ದ. ಕೊನೆಯ ಸ್ಟೇಷನ್ ಬರುವ ಹೊತ್ತಿಗೆ ತಟ್ಟೆಯಲ್ಲಿ ಉಳಿದದ್ದು ಬರೀ ಸಿಪ್ಪೆ.

ಫ್ಲಾವಿಗೆ ಆಗ ದಿಗಿಲಾಯಿತು. ಕತ್ತಿ ಒರೆಸುತ್ತಾ ಸಿದೋನಿಯ ಕಿವಿಯ ಬಳಿ ಬಗ್ಗಿ, "ಎಲ್ಲಾ ಖಾಲಿಯಾಯ್ತಲ್ಲ ಅತ್ತೆ. ಅವತ್ತು ಜನರ ಮುಂದೆ ಏನಿಡ್ತೀಯ?" ಎಂದು ಕೇಳಿದಳು.

ಸಿದೋನಿ ಗಂಡನ ಕೋಟಿನ ಮೇಲೆ ಬಿದ್ದಿದ್ದ ಪುಡಿ ಕೊಡವಿದಳು.

"ಅಂಗಡಿಯಿಂದ ತಂದರಾಯ್ತು. ಹೇಗೂ ಅವತ್ತು ತಿನ್ನೋಕೆ ಇವನಿರಲ್ಲವಲ್ಲ."