ಮಕರೇನಾಳ ಬ್ರೇಕ್ ಹಿಡಿಕೆ

"ಚಕ್ರ ಬಿಚ್ಚಿಟ್ಟು ಬ್ರೇಕ್ ಅದುಮಿದ ಪುಣ್ಯಾತ್ಮ ಯಾರು?" ಎಂದು ಎಲ್ವಿರಾ ರೇಗಿದಳು. ವಾಲ್ಪರೈಸೊ ನಗರದ ಗುಡ್ಡವೊಂದರ ಮೇಲಿನ ಅವಳ ರಿಪೇರಿ ಅಂಗಡಿಯಲ್ಲಿ ಬೆಟ್ಟ ಇಳಿಯುವ ಪಂದ್ಯದ ಸೈಕಲ್ಲೊಂದು ತಲೆಕೆಳಗಾಗಿ ನಿಂತಿತ್ತು. ಅದರ ಹೊಸ ಮುಂಚಕ್ರ ಅಲುಗುತ್ತಿರಲಿಲ್ಲ. "ನಡುವೆ ಚಕ್ರದ ಡಿಸ್ಕ್ ಇಲ್ದೆ ಅದುಮಿದ್ರೆ ಪ್ಯಾಡ್ ಎರಡೂ ಮುಂದೆ ಬಂದು ಕಚ್ಕೊಂಡ್ಬಿಡ್ತವೆ. ಇದನ್ನ ನೂರು ಸಲ ಅದುಮಿದಾರೆ. ಮನೇಲಿ ಕೋತಿ ಸಾಕಿದೀರಾ, ದೋನ್ ಅನ್ಸೆಲ್ಮೊ?"

ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಾನೇ ಕಣಮ್ಮ. ಹಳೇ ಚಕ್ರಾನ ನನ್ನ ಮಗಳು ಮಕರೇನಾ ಜೀವ ಬಿಟ್ಟ ತಿರುವಲ್ಲಿ, ಅವಳ ನೆನಪಿನ ಶಿಲುಬೆ ಪಕ್ಕ ನೆಟ್ಟಿದೀವಿ. ಉಳಿದದ್ದು ಗೋಡೆ ಮೇಲಿತ್ತು. ದಿನಾ ಬೆಳಿಗ್ಗೆ ಈ ಬ್ರೇಕ್ ಹಿಡಿಕೆ ಒಂದ್ಸಲ ಹಿಡೀತಿದ್ದೆ. ಅವಳ ಬೆರಳು ಇದ್ದಿದ್ದು ಇಲ್ಲೇ ಅಲ್ವಾ. ಸಾಕು, ಹೊಸ ಚಕ್ರ ಹಾಕ್ಸಿ ಮಾರ್ಬಿಡೋಣ ಅಂತಾಳೆ ಅವಳಮ್ಮ."

ಎಲ್ವಿರಾ ಪ್ಯಾಡುಗಳನ್ನು ತಳ್ಳುವ ಪಿಸ್ಟನ್ನುಗಳನ್ನು ಒರೆಸಿ, ಮೆಲ್ಲಗೆ ಒಳಕ್ಕೆ ಒತ್ತಿ, ಚಕ್ರ ಕೂರಿಸಿದಳು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. ಮುದುಕನ ಕೈ ಹಿಡಿಕೆಯವರೆಗೆ ಹೋಗಿ, ಬೈಸಿಕೊಂಡ ಮಗುವಿನ ಕೈಯಂತೆ ಹಿಂದೆ ಸರಿಯಿತು.

ಅವಳು ಚಕ್ರವನ್ನು ಮತ್ತೆ ಬಿಚ್ಚಿದಳು. ಪ್ಯಾಡುಗಳ ನಡುವೆ, ಡಿಸ್ಕ್ ಇರಬೇಕಾದ ಜಾಗಕ್ಕೆ, ಹಳದಿ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಸಿಕ್ಕಿಸಿ, ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಹಿಡಿಕೆಯನ್ನು ಅವನತ್ತ ತಿರುಗಿಸಿದಳು.

"ಈಗ ಹಿಡ್ಕೊಳ್ಳಿ," ಎಂದಳು. "ಮತ್ತೆ ಗೋಡೆ ಮೇಲೆ ಹಾಕಿ ದಿನಾ ಹಿಡ್ಕೊಳ್ಳಿ. ಏನೂ ಆಗಲ್ಲ."